ಚುಕ್ಕಿಯೊಳಗೆ ಒಂದು ಕೋಟಿ

ಮೇ ತಿಂಗಳ ನಡುವೆ, ರಾತ್ರಿ ಹತ್ತರ ಹೊತ್ತಿಗೆ, ಊರ ದೀಪಗಳಿಂದ ದೂರ ಬಂದು ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಕೈ ನೀಡಿ, ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಮೂರು ಎಣಿಸಿ. ಅಲ್ಲೊಂದು ಮಂಕು ಚುಕ್ಕಿ, ಕನ್ನಡಕ ಒರೆಸದೆ ನೋಡಿದ ನಕ್ಷತ್ರದ ಹಾಗೆ. ಟಾಲೆಮಿ ಅದನ್ನು ನಕ್ಷತ್ರವೆಂದೇ ಪಟ್ಟಿಗೆ ಸೇರಿಸಿದ್ದ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿದ ಎಡ್ಮಂಡ್ ಹ್ಯಾಲಿಗೆ ಅದು ಮಬ್ಬುಮಬ್ಬಾಗಿ ಕಂಡಿತು.

ಹೆಸರು ಒಮೆಗಾ ಸೆಂಟಾರಿ. ಅದೊಂದು ಗೋಳಾಕಾರದ ನಕ್ಷತ್ರಗುಚ್ಛ. ಒಳಗಿರುವ ನಕ್ಷತ್ರಗಳು ಸುಮಾರು ಒಂದು ಕೋಟಿ. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೂ ಹೆಚ್ಚುಕಮ್ಮಿ ನಾಲ್ಕು ತಿಂಗಳು ಬೇಕು. ನಮ್ಮ ಸೂರ್ಯನಿಗೆ ತೀರ ಹತ್ತಿರದ ನೆರೆಯ ನಕ್ಷತ್ರವೇ ನಾಲ್ಕೂಕಾಲು ಜ್ಯೋತಿರ್ವರ್ಷ ದೂರ. ಈ ಗುಚ್ಛದ ನಡುಮನೆಯಲ್ಲಿ ಅಷ್ಟೇ ಜಾಗದೊಳಗೆ ಸಾವಿರಾರು ಸೂರ್ಯರ ಸಂತೆ. ಇಂದು ನಮ್ಮ ಕಣ್ಣು ತಲುಪುವ ಬೆಳಕು ಅಲ್ಲಿಂದ ಹೊರಟು ಸುಮಾರು 17,000 ವರ್ಷವಾಯಿತು. ಆಗ ಭೂಮಿಯ ಮೇಲೆ ಯಾರೂ ಹೊಲ ಉತ್ತಿರಲಿಲ್ಲ.

ಹಬಲ್ ದೂರದರ್ಶಕ ಇತ್ತ ಪದೇ ಪದೇ ತಿರುಗಿದ್ದು ಹೆಚ್ಚಾಗಿ ತನ್ನ ಕ್ಯಾಮೆರಾ ಸರಿಯಿದೆಯೇ ಎಂದು ನೋಡಿಕೊಳ್ಳಲು. ಕಣ್ಣಿನ ಡಾಕ್ಟರು ಗೋಡೆಗೆ ತೂಗುಹಾಕಿದ ಅಕ್ಷರಗಳ ಬೋರ್ಡಿನಂತೆ ಈ ಗುಚ್ಛ. ಇಪ್ಪತ್ತು ವರ್ಷಗಳಲ್ಲಿ 500ಕ್ಕೂ ಹೆಚ್ಚು ಚಿತ್ರ ಒಟ್ಟಾದವು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಖಗೋಳವಿಜ್ಞಾನ ಸಂಸ್ಥೆಯವರ ನೇತೃತ್ವದ ತಂಡ ಅವನ್ನು ಹೋಲಿಸಿ ನೋಡಿ 14 ಲಕ್ಷ ನಕ್ಷತ್ರಗಳ ಓಡಾಟ ಅಳೆಯಿತು.

ಆ ಚಿತ್ರದ ಒಂದು ಪಿಕ್ಸೆಲ್ ಎಂದರೆ ನೂರು ಕಿಲೋಮೀಟರ್ ಆಚೆ ಇಟ್ಟ ಒಂದು ರೂಪಾಯಿ ನಾಣ್ಯದ ಅಗಲ. ಅಲ್ಲಿನ ಸಾಮಾನ್ಯ ನಕ್ಷತ್ರ ವರ್ಷಕ್ಕೆ ಸರಿಯುವುದು ಅದರ ನೂರರಲ್ಲಿ ಒಂದೆರಡು ಪಾಲು. ಇಂಥ ತೆವಳಾಟದ ನಟ್ಟನಡುವೆ ಏಳು ನಕ್ಷತ್ರಗಳು ಸೆಕೆಂಡಿಗೆ 62 ಕಿಲೋಮೀಟರ್ ಮೀರಿ ಓಡುತ್ತಿದ್ದವು. ಆ ವೇಗಕ್ಕೆ ಬೆಂಗಳೂರಿನಿಂದ ಮೈಸೂರಿಗೆ ಮೂರು ಸೆಕೆಂಡೂ ಬೇಡ. ಅವು ಎಂದೋ ಗುಚ್ಛ ಬಿಟ್ಟು ಹಾರಿಹೋಗಬೇಕಿತ್ತು. ಹೋಗಿಲ್ಲ. ಹಿಡಿದು ನಿಲ್ಲಿಸಿರುವುದು ಕನಿಷ್ಠ 8,200 ಸೂರ್ಯರ ತೂಕದ ಒಂದು ಕಪ್ಪುಕುಳಿ ಎಂಬ ತಂಡದ ತೀರ್ಮಾನ 2024ರ ಜುಲೈನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು.

14 ಲಕ್ಷದಲ್ಲಿ ಏಳು! ಕ್ಯಾಮೆರಾ ಪರೀಕ್ಷೆಯ ಹಳೆಯ ಚಿತ್ರಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದಕ್ಕೆ ಸಿಕ್ಕವು. ಬರುವ ಮೇ ತಿಂಗಳಲ್ಲಿ ಆ ಮಂಕು ಚುಕ್ಕಿ ಕಂಡರೆ ಕನ್ನಡಕ ಒರೆಸಲು ಹೋಗಬೇಡಿ. ತಪ್ಪು ಕನ್ನಡಕದ್ದಲ್ಲ.