ಪ್ರತಿದೀಪ್ತಿಯ ದಕ್ಷತೆಯನ್ನು ಅಳೆಯುವ ಬಗೆ

ಕ್ವಿನೈನ್ ಬೆರೆತ ಆಮ್ಲಜಲವು ನೋಟಕ್ಕೆ ತಿಳಿನೀರಿನಂತೆಯೇ ಇರುತ್ತದೆ. ಬಿಸಿಲಿಗೆ ಹಿಡಿದಾಗ ಮಾತ್ರ ಅದರ ಮೈಮೇಲೆ ನಸುನೀಲಿಯ ಕಾಂತಿಯೊಂದು ಸುಳಿಯುತ್ತದೆ. ಇಂಗ್ಲೆಂಡಿನ ಜಾನ್ ಹರ್ಷೆಲ್ ಅವರು 1845ರಲ್ಲಿ ಇದನ್ನು ಕಂಡು ಬರೆದರು. 1852ರಲ್ಲಿ ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅದರ ಮರ್ಮವನ್ನು ಬಿಡಿಸಿದರು: ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿದ ದ್ರಾವಣವು ಅದನ್ನು ಕಾಣುವ ನೀಲಿಯಾಗಿ ಹೊರಚೆಲ್ಲುತ್ತದೆ. ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಅವರು ಇದನ್ನು ಫ್ಲೋರೆಸೆನ್ಸ್ ಎಂದು ಕರೆದರು. ಕನ್ನಡದ ‘ಪ್ರತಿದೀಪ್ತಿ’ಯು ಖನಿಜದ ಹಂಗಿಲ್ಲದೆ ಕ್ರಿಯೆಯನ್ನೇ ಹೇಳುವುದರಿಂದ ಮೂಲಕ್ಕಿಂತಲೂ ಅನ್ವರ್ಥಕವೆನ್ನಬಹುದು, ಪಡೆದುದಕ್ಕೆ ಪ್ರತಿಯಾಗಿ ಬೆಳಗುವುದೇ ಅದರ ಸ್ವಭಾವ.

ಪಡೆದುದರಲ್ಲಿ ಎಷ್ಟನ್ನು ಮರಳಿಸಿತು ಎಂಬುದೇ ದಕ್ಷತೆ. ನೂರು ಫೋಟಾನುಗಳನ್ನು, ಎಂದರೆ ಬೆಳಕಿನ ಕಣಗಳನ್ನು, ಹೀರಿದ ವಸ್ತುವು ಐವತ್ತನಾಲ್ಕನ್ನು ಹೊರಸೂಸಿದರೆ ಅದರ ದಕ್ಷತೆ 0.54. ಗಂಧಕಾಮ್ಲದಲ್ಲಿ ಕರಗಿಸಿದ ಕ್ವಿನೈನ್ ಸಲ್ಫೇಟಿನ ಬೆಲೆ ಹೆಚ್ಚುಕಡಿಮೆ ಇದೇ. ಲೆಕ್ಕವೇನೋ ಸುಲಭ, ಅಳತೆ ಕಠಿಣ. ಪ್ರತಿದೀಪ್ತಿಯು ದಶದಿಕ್ಕುಗಳಿಗೂ ಹರಡುತ್ತದೆ. ಉಪಕರಣದ ಕಣ್ಣು ಇರುವುದು ಒಂದೇ ಪಕ್ಕದಲ್ಲಿ. ಆ ಕಣ್ಣೂ ಎಲ್ಲ ಬಣ್ಣಗಳನ್ನು ಸಮವಾಗಿ ಕಾಣದು. ಆದಕಾರಣ ದೊರೆತ ರೋಹಿತವನ್ನು ಮೊದಲು ಬಣ್ಣಬಣ್ಣಕ್ಕೂ ತಿದ್ದಿಕೊಳ್ಳಬೇಕು.

ಹೀಗಾಗಿ ಪ್ರಯೋಗಶಾಲೆಗಳಲ್ಲಿ ಬಹುಮಟ್ಟಿಗೆ ನಡೆಯುವುದು ಹೋಲಿಕೆಯ ಮಾರ್ಗ. ಅಕ್ಕಸಾಲಿಗನು ಒರೆಗಲ್ಲಿನ ಮೇಲೆ ಗೊತ್ತಿದ್ದ ಚಿನ್ನದ ಗೆರೆಯ ಪಕ್ಕದಲ್ಲಿ ಹೊಸ ಚಿನ್ನದ ಗೆರೆಯನ್ನೆಳೆದು ನೋಡುವಂತೆ, ದಕ್ಷತೆ ತಿಳಿದ ದ್ರಾವಣವೊಂದನ್ನು ಮಾನಕವಾಗಿಟ್ಟು ಹೊಸ ದ್ರಾವಣವನ್ನು ಅದೇ ತರಂಗಾಂತರದ ಬೆಳಕಿನಲ್ಲಿ ಪರೀಕ್ಷಿಸುತ್ತಾರೆ. ಎರಡರ ಹೀರಿಕೆಯೂ ಸಮವಾಗಿದ್ದು, ಹೊಸದರ ರೋಹಿತದ ವಿಸ್ತೀರ್ಣವು ಕ್ವಿನೈನಿನದರ ಅರ್ಧದಷ್ಟಿದ್ದರೆ ದಕ್ಷತೆ 0.27 ಎಂದಾಯಿತು. ಇಲ್ಲಿಗೆ ಮುಗಿಯಲಿಲ್ಲ. ಹೊಸದು ಮದ್ಯಸಾರದಲ್ಲಿ ಕರಗಿದ್ದರೆ ಅದರ ವಕ್ರೀಭವನಾಂಕ 1.36, ನೀರಿನದು 1.33, ಇವುಗಳ ಅನುಪಾತದ ವರ್ಗದಿಂದ ಗುಣಿಸಿದರೆ ಬೆಲೆ 0.28 ಆಗುತ್ತದೆ. ಬೆನ್‌ಜೀನಿನಲ್ಲಿ ಈ ತಿದ್ದುಪಡಿ ನೂರಕ್ಕೆ 27ರಷ್ಟಾಗುವುದರಿಂದ ಇದನ್ನು ಕ್ಷುಲ್ಲಕವೆಂದು ಬಿಡುವಂತಿಲ್ಲ.

ಪ್ರಯೋಗಕಾರರು ಮುಗ್ಗರಿಸುವುದು ಹೆಚ್ಚಾಗಿ ದ್ರಾವಣದ ಸಾಂದ್ರತೆಯಲ್ಲಿ. ವಸ್ತು ಹೆಚ್ಚಿದಷ್ಟೂ ಬೆಳಕು ಹೆಚ್ಚೀತೆಂದು ಸಹಜವಾಗಿ ತೋರುತ್ತದೆ. ಆದರೆ ಒಂದು ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಹೀರಿಕೆಯ ಅಂಕವು 2 ಇದ್ದರೆ, ಒಳಹೊಕ್ಕ ಬೆಳಕಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ ನಡುವಿನವರೆಗೆ ತಲಪುತ್ತದೆ. ಉಪಕರಣದ ಕಣ್ಣು ನೆಟ್ಟಿರುವುದಾದರೋ ಆ ನಡುವಿನ ಮೇಲೆಯೇ! ಮುಂಭಾಗದಲ್ಲಿ ಧಗಧಗಿಸುವ ದ್ರಾವಣವು ಯಂತ್ರಕ್ಕೆ ಮಂಕಾಗಿ ಕಾಣುತ್ತದೆ. ಹೊರಟ ಬೆಳಕನ್ನೂ ನೆರೆಯ ಅಣುಗಳು ಮತ್ತೆ ಹೀರಿಕೊಳ್ಳುವುದುಂಟು. ಆದ್ದರಿಂದ ಹೀರಿಕೆಯನ್ನು 0.1ಕ್ಕಿಂತ ಕೆಳಗಿಡುವುದು ರೂಢಿ. 0.05ರಲ್ಲಿ ನೂರಕ್ಕೆ 11ರಷ್ಟು ಬೆಳಕು ಮಾತ್ರ ಹೀರಲ್ಪಡುತ್ತದೆ, ಅಷ್ಟೇ ಸಾಕು.

ದ್ರಾವಣ ತೆಳುವಾದಾಗ ಬೇರೊಂದು ತೊಡಕು ತಲೆಯೆತ್ತುತ್ತದೆ. ಬರಿಯ ನೀರಿಗೆ 350 ನ್ಯಾನೋಮೀಟರಿನ ಕಿರಣವನ್ನು ಹಾಯಿಸಿದರೂ 397ರ ಸುತ್ತ ಕ್ಷೀಣವಾದ ಶಿಖರವೊಂದು ಮೂಡುತ್ತದೆ. ಅದು ಪ್ರತಿದೀಪ್ತಿಯಲ್ಲ, 1928ರಲ್ಲಿ ಸಿ. ವಿ. ರಾಮನ್ನರು ಪ್ರಕಟಿಸಿದ ಚದುರಿಕೆ. ದ್ರಾವಕವನ್ನು ಮಾತ್ರ ಪಾತ್ರೆಯಲ್ಲಿಟ್ಟು ಅಳೆದು, ಆ ಮೊತ್ತವನ್ನು ಕಳೆಯದಿದ್ದರೆ ಪರರ ಸ್ವತ್ತು ತನ್ನ ಲೆಕ್ಕಕ್ಕೆ ಸೇರುತ್ತದೆ. ಕರಗಿದ ಆಮ್ಲಜನಕವೂ ಕೆಲವು ವಸ್ತುಗಳ ಬೆಳಕನ್ನು ನಂದಿಸುವುದರಿಂದ ಸಾರಜನಕವನ್ನು ಹಾಯಿಸಿ ಅದನ್ನು ಹೊರಗಟ್ಟುತ್ತಾರೆ. ಕ್ವಿನೈನಿಗಂತೂ ಕ್ಲೋರೈಡು ಪರಮವೈರಿ. ಗಂಧಕಾಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸಿದರೆ ಮಾನಕವೇ ಮಂಕಾಗಿ, ಅದರೊಡನೆ ತೂಗಿದ ಹೊಸ ವಸ್ತುವು ಇಲ್ಲದ ಹಿರಿಮೆಯನ್ನು ಪಡೆಯುತ್ತದೆ.

ಮಾನಕದ ಆಸರೆಯಿಲ್ಲದೆ ಅಳೆಯುವ ದಾರಿಯೂ ಉಂಟು. 1924ರಲ್ಲಿ ಸೆರ್ಗೆಯ್ ವವಿಲೋವ್ ಅವರು ಫ್ಲೋರೆಸೀನ್ ದ್ರಾವಣದ ದಕ್ಷತೆಯನ್ನು ನೇರವಾಗಿ ಅಳೆದು ಸುಮಾರು 0.8 ಎಂದು ತೋರಿಸಿದರು. ಈಗ ಒಳಮೈಗೆ ಬಿಳಿಯ ಲೇಪ ಬಳಿದ ಟೊಳ್ಳು ಗೋಳದಲ್ಲಿ ಮಾದರಿಯನ್ನಿರಿಸಿ ಎಲ್ಲ ದಿಕ್ಕಿನ ಬೆಳಕನ್ನೂ ಒಟ್ಟುಗೂಡಿಸುತ್ತಾರೆ. ಗೋಳವಿಲ್ಲದ ಸಾಮಾನ್ಯ ಪ್ರಯೋಗಶಾಲೆಗೆ ಎರಡು ಮಾನಕಗಳೇ ಕಾವಲು. ಕ್ಷಾರಜಲದಲ್ಲಿನ ಫ್ಲೋರೆಸೀನಿನ ಬೆಲೆಯನ್ನು ಈಗ 0.9ಕ್ಕಿಂತ ಮೇಲೆಂದು ಒಪ್ಪಲಾಗಿದೆ. ಹೊಸ ವಸ್ತುವನ್ನು ಮುಟ್ಟುವ ಮೊದಲು ಕ್ವಿನೈನನ್ನು ಮಾನಕವಾಗಿಟ್ಟು ಇದನ್ನು ಅಳೆಯಬೇಕು. ಉತ್ತರ 0.7 ಬಂದರೂ 1.2 ಬಂದರೂ ದೋಷವು ಫ್ಲೋರೆಸೀನಿನದಲ್ಲ. ದ್ರಾವಣಗಳನ್ನು ಚೆಲ್ಲಿ, ಪಾತ್ರೆಗಳನ್ನು ತೊಳೆದು, ಮೊದಲಿನಿಂದ ಆರಂಭಿಸಬೇಕಾಗುತ್ತದೆ.