ಆಯುರ್ವೇದದ ಹೆಸರಿನಲ್ಲಿ ಊಟದ ಕಟ್ಟಳೆಗಳು

ಊಟದ ನಡುವೆ ನೀರು ಕುಡಿದರೆ ಜಠರಾಗ್ನಿ ಆರಿಹೋಗುತ್ತದೆ, ತಿಂದದ್ದೆಲ್ಲ ಹೊಟ್ಟೆಯಲ್ಲೇ ಕೊಳೆಯುತ್ತದೆ, ಇದು ಪ್ರಾಚೀನ ವೈದ್ಯ ವಾಗ್ಭಟನ ಮಾತು ಎಂದು ಹೇಳುವ ವಿಡಿಯೊಗಳು ಮನೆಮನೆಯ ಮೊಬೈಲ್‌ಗಳಲ್ಲಿ ಓಡಾಡುತ್ತಿವೆ. ಇದನ್ನು ನಂಬಿ, ಊಟಕ್ಕೆ ಕುಳಿತ ಮಕ್ಕಳ ಮುಂದಿನ ನೀರಿನ ಲೋಟವನ್ನೇ ಎತ್ತಿಡುವವರಿದ್ದಾರೆ. ವಾಗ್ಭಟನ ಅಷ್ಟಾಂಗಹೃದಯ ಹೇಳುವುದು ಬೇರೆಯೇ. ಊಟಕ್ಕೆ ಮೊದಲು ನೀರು ಕುಡಿಯುವವರು ಬಡಕಲಾಗುತ್ತಾರೆ, ಕೊನೆಯಲ್ಲಿ ಕುಡಿಯುವವರು ದಪ್ಪಗಾಗುತ್ತಾರೆ, ನಡುವೆ ಕುಡಿಯುವವರ ಮೈ ಹದವಾಗಿ ಉಳಿಯುತ್ತದೆ ಎನ್ನುತ್ತದೆ ಅದರ ಸೂತ್ರಸ್ಥಾನದ ಐದನೆಯ ಅಧ್ಯಾಯ. ಅಂದರೆ ಅವನು ಮೆಚ್ಚಿದ್ದು ಊಟದ ನಡುವಿನ ನೀರನ್ನೇ. ಊಟದ ಕೊನೆಯ ನೀರು ವಿಷ ಎಂಬ ಮಾತು ಇರುವುದು ಚಾಣಕ್ಯನ ಹೆಸರಿನಲ್ಲಿ ಪ್ರಚಲಿತವಾಗಿರುವ ನೀತಿಶ್ಲೋಕಗಳಲ್ಲಿ. ಆ ಶ್ಲೋಕ ಕೂಡ ಊಟದ ನಡುವಿನ ನೀರನ್ನು ಅಮೃತ ಎಂದೇ ಕರೆದಿದೆ. ಜನರ ಬಾಯಲ್ಲಿ ಅದರ ಒಂದು ತುಂಡು ಮಾತ್ರ ಉಳಿಯಿತು, ಅದಕ್ಕೆ ವಾಗ್ಭಟನ ಹೆಸರು ಅಂಟಿಕೊಂಡಿತು, ಕೊನೆಗೆ ಅರ್ಥವೇ ತಲೆಕೆಳಗಾಯಿತು.

ಆಯುರ್ವೇದದ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಬಹುಪಾಲು ಆಹಾರ ನಿಯಮಗಳಿಗೆ ಹೀಗೇ ಆಗಿದೆ ಎಂಬುದು ನನ್ನ ವಾದ. ಮೂಲ ಗ್ರಂಥಗಳು ಷರತ್ತು ಹಾಕಿ ಮಾತಾಡುತ್ತವೆ. ನಾವು ಷರತ್ತನ್ನು ಕಿತ್ತುಹಾಕಿ ಆಜ್ಞೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯ ಆಹಾರವನ್ನು ತೂಗಲು ಎಂಟು ಅಂಶಗಳನ್ನು ಕೊಡುತ್ತದೆ: ಪದಾರ್ಥದ ಸ್ವಭಾವ, ಅದಕ್ಕೆ ಕೊಟ್ಟ ಸಂಸ್ಕಾರ, ಯಾವುದರ ಜೊತೆ ಬೆರೆಸಿದ್ದು, ಎಷ್ಟು ಪ್ರಮಾಣ, ಯಾವ ಪ್ರದೇಶ, ಯಾವ ಕಾಲ, ತಿನ್ನುವ ಕ್ರಮ, ಕೊನೆಗೆ ತಿನ್ನುವವನು. ಈ ಎಂಟನ್ನೂ ನೋಡದೆ ಒಂದು ಪದಾರ್ಥವನ್ನು ಒಳ್ಳೆಯದು, ಕೆಟ್ಟದ್ದು ಎಂದು ತೀರ್ಮಾನಿಸಲು ಅಲ್ಲಿ ಅವಕಾಶವೇ ಇಲ್ಲ.

ಮೊಸರನ್ನೇ ನೋಡೋಣ. ರಾತ್ರಿ ಮೊಸರು ತಿನ್ನಬಾರದು ಎಂಬುದು ಗ್ರಂಥದಲ್ಲಿರುವ ಮಾತೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದೇ ಉಸಿರಿನಲ್ಲಿ ಮೊಸರನ್ನು ಬಿಸಿ ಮಾಡಬಾರದು, ತುಪ್ಪ, ಸಕ್ಕರೆ, ಹೆಸರುಬೇಳೆಯ ಕಟ್ಟು, ಜೇನು, ನೆಲ್ಲಿಕಾಯಿ ಇವುಗಳಲ್ಲಿ ಯಾವುದೂ ಇಲ್ಲದೆ ಬರಿದೇ ತಿನ್ನಬಾರದು, ವಸಂತ, ಗ್ರೀಷ್ಮ, ಶರದೃತುಗಳಲ್ಲಿ ಹಗಲಲ್ಲೂ ಬೇಡ ಎಂದೂ ಹೇಳಿದೆ. ಏಪ್ರಿಲ್ ಬಿಸಿಲಲ್ಲಿ ತಂಪಿಗೆಂದು ಬಟ್ಟಲು ತುಂಬ ಮೊಸರು ತಿಂದು, ರಾತ್ರಿ ಮಾತ್ರ ಆಯುರ್ವೇದವನ್ನು ನೆನಪಿಸಿಕೊಳ್ಳುವುದು ಹೇಗೆ ಸರಿ? ಇನ್ನೂ ಮುಖ್ಯವಾದ ಸಂಗತಿಯೆಂದರೆ ಮೊಸರು ಬೇರೆ, ಮಜ್ಜಿಗೆ ಬೇರೆ ಎಂಬುದು. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಚಕ್ರಪಾಣಿದತ್ತ ಸಂಸ್ಕಾರವೆಂದರೇನು ಎಂದು ವಿವರಿಸುವಾಗ ಇದೇ ಉದಾಹರಣೆ ಕೊಡುತ್ತಾನೆ. ಮೊಸರು ಬಾವು ತರುತ್ತದೆ, ಕಡೆದರೆ ಅದೇ ಮೊಸರು ಜಿಡ್ಡು ಉಳಿದಿದ್ದರೂ ಬಾವು ಇಳಿಸುತ್ತದೆ. ಗ್ರಹಣಿ, ಮೂಲವ್ಯಾಧಿಗಳಿಗೆ ಚರಕಸಂಹಿತೆ ಮಜ್ಜಿಗೆಯನ್ನು ಮನಸಾರೆ ಹೊಗಳಿದೆ. ಹೀಗಿರುವಾಗ ರಾತ್ರಿ ಊಟದ ಕೊನೆಗೆ ಒಗ್ಗರಣೆ ಮಜ್ಜಿಗೆ ಅನ್ನ ಕಲಸುವ ನಮ್ಮ ಪದ್ಧತಿಯ ಮೇಲೆ ಮೊಸರಿನ ನಿಷೇಧವನ್ನು ಹೇರುವುದು ತಪ್ಪು ಓದು.

ಆಯುರ್ವೇದವೆಂದರೆ ಸಸ್ಯಾಹಾರ, ಅದರಲ್ಲೂ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಸಾತ್ವಿಕ ಆಹಾರ ಎಂಬ ನಂಬಿಕೆಯೂ ಇಷ್ಟೇ ಗಟ್ಟಿಯಾಗಿ ಬೇರೂರಿದೆ. ಆಹಾರವನ್ನು ಸಾತ್ವಿಕ, ರಾಜಸ, ತಾಮಸ ಎಂದು ವಿಂಗಡಿಸಿದ್ದು ಭಗವದ್ಗೀತೆಯ 17ನೆಯ ಅಧ್ಯಾಯ. ಅದು ಅಧ್ಯಾತ್ಮ ಸಾಧಕನ ದಾರಿ, ಅದಕ್ಕೆ ಅದರದೇ ಗೌರವವಿದೆ. ವೈದ್ಯಗ್ರಂಥಗಳ ಲೆಕ್ಕಾಚಾರ ನಡೆಯುವುದು ರಸ (ರುಚಿ), ಗುಣ, ವೀರ್ಯ (ಶಕ್ತಿ), ವಿಪಾಕ (ಅರಗಿದ ಮೇಲಿನ ಪರಿಣಾಮ) ಇವುಗಳ ಮೇಲೆ. ಚರಕಸಂಹಿತೆಯ ಸೂತ್ರಸ್ಥಾನದ 27ನೆಯ ಅಧ್ಯಾಯದಲ್ಲಿ ಮಾಂಸಗಳದೇ ಒಂದು ವರ್ಗವಿದೆ; ನಿತ್ಯ ಸೇವನೆಗೆ ತಕ್ಕವುಗಳ ಪಟ್ಟಿಯಲ್ಲಿ ಅಕ್ಕಿ, ಹೆಸರು, ನೆಲ್ಲಿ, ಹಾಲು, ತುಪ್ಪಗಳ ಸಾಲಿನಲ್ಲೇ ಒಣಭೂಮಿಯ ಪ್ರಾಣಿಗಳ ಮಾಂಸವೂ ಇದೆ. 1890ರಲ್ಲಿ ಮಧ್ಯ ಏಷ್ಯಾದ ಕುಚಾ ಬಳಿ ಸಿಕ್ಕ ಬೋವರ್ ಹಸ್ತಪ್ರತಿಯ ವೈದ್ಯಭಾಗ ಆರಂಭವಾಗುವುದೇ ಬೆಳ್ಳುಳ್ಳಿಯ ಮಹಿಮೆಯಿಂದ. ಕನ್ನಡ ನೆಲದ ಸಾಕ್ಷಿಯೂ ಇದೆ. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯ ತನ್ನ ಕಲ್ಯಾಣಕಾರಕದಲ್ಲಿ ಮಾಂಸವನ್ನು ಬಿಟ್ಟು ಚಿಕಿತ್ಸೆ ಹೇಳಿದ, ಮಾಂಸಸೇವನೆಯ ವಿರುದ್ಧ ನೃಪತುಂಗನ ಸಭೆಯಲ್ಲಿ ವಾದವನ್ನೂ ಮಂಡಿಸಿದ. ಆಯುರ್ವೇದ ಮೊದಲಿನಿಂದಲೂ ಸಸ್ಯಾಹಾರಿಯೇ ಆಗಿದ್ದರೆ ಅಷ್ಟು ದೊಡ್ಡ ವಾದ ಹೂಡುವ ಅಗತ್ಯ ಅವನಿಗೆ ಬರುತ್ತಿರಲಿಲ್ಲ. ಸಸ್ಯಾಹಾರವನ್ನು ಅಹಿಂಸೆಗಾಗಿ, ವ್ರತಕ್ಕಾಗಿ ಪಾಲಿಸಲಿ. ಅದಕ್ಕೆ ಚರಕನ ಮುದ್ರೆ ಬೇಕಿಲ್ಲ. ಟೊಮೆಟೊ, ಆಲೂಗಡ್ಡೆಗಳ ವಿಷಯವಂತೂ ಕೇಳುವುದೇ ಬೇಡ. ಅವು ಪೋರ್ಚುಗೀಸರು ಬಂದ ಮೇಲೆ ಈ ದೇಶ ಕಂಡ ತರಕಾರಿಗಳು, ಚರಕ ಅವನ್ನು ಬೇಡ ಎಂದಿರಲು ಸಾಧ್ಯವೇ ಇಲ್ಲ.

ಎಂಟೆಂಟು ಅಂಶ ತೂಗಿ ಊಟ ಮಾಡಲು ಎಲ್ಲರೂ ವೈದ್ಯರೇ, ಜನಕ್ಕೆ ನೆನಪಿಟ್ಟುಕೊಳ್ಳಲು ಸುಲಭದ ನಿಯಮ ಬೇಡವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಸುಲಭದ ನಿಯಮಗಳನ್ನು ಚರಕಸಂಹಿತೆಯೇ ಕೊಟ್ಟಿದೆ. ಬಿಸಿಯಾದದ್ದನ್ನು ತಿನ್ನು, ಹಿಂದಿನ ಊಟ ಅರಗಿದ ಮೇಲೆ ತಿನ್ನು, ಮಿತವಾಗಿ ತಿನ್ನು, ಆತುರವಾಗಿಯೂ ಬೇಡ ತೀರಾ ನಿಧಾನವಾಗಿಯೂ ಬೇಡ, ಮಾತು ನಗೆ ಬಿಟ್ಟು ಊಟದ ಮೇಲೆ ಮನಸ್ಸಿಡು. ಟಿವಿ ಮುಂದೆ ತಟ್ಟೆ ಹಿಡಿದು ಕೂತವರಿಗೆ ಮೊಸರಿನ ನಿಷೇಧಕ್ಕಿಂತ ಇದು ಎಷ್ಟೋ ಹೆಚ್ಚು ಉಪಯೋಗದ್ದು. ವಿಚಿತ್ರವೆಂದರೆ ಈ ನಿಯಮಗಳನ್ನು ಯಾರೂ ವಿಡಿಯೊ ಮಾಡಿ ಹಂಚುವುದಿಲ್ಲ.

ಷರತ್ತು ಕಳಚಿದ್ದರಿಂದ ನಿಜವಾದ ಹಾನಿ ಆಗುತ್ತಿರುವುದು ಸಿಹಿಯ ವಿಷಯದಲ್ಲಿ. ಬೆಲ್ಲ, ಜೇನು ನೈಸರ್ಗಿಕ, ಆಯುರ್ವೇದ ಒಪ್ಪಿದವು, ಆದ್ದರಿಂದ ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇಂಥ ಸಲಹೆ ತಲುಪುವುದು ಇವರನ್ನೇ. ಬೆಲ್ಲದ ಬಹುಭಾಗ ಸಕ್ಕರೆಯೇ, ಜೇನಿನಲ್ಲೂ ಸುಮಾರು ಶೇ. 80ರಷ್ಟು ಸಕ್ಕರೆಯ ಅಂಶವೇ. ಇದಕ್ಕೆ ಆಧುನಿಕ ಪ್ರಯೋಗಾಲಯವೇ ಬೇಕೆಂದಿಲ್ಲ. ಮಧುಮೇಹವೂ ಸೇರಿದ ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಚರಕಸಂಹಿತೆಯ ಚಿಕಿತ್ಸಾಸ್ಥಾನ ಸುಖವಾಗಿ ಕೂತೇ ಇರುವುದು, ಅತಿನಿದ್ರೆ, ಮೊಸರು, ಹೊಸ ಧಾನ್ಯಗಳ ಜೊತೆ ಬೆಲ್ಲದ ತಿನಿಸುಗಳನ್ನೂ ಹೆಸರಿಸಿದೆ.

ಬೆಳಿಗ್ಗೆ ಬಿಸಿನೀರಿಗೆ ಜೇನು ಬೆರೆಸಿ ಕುಡಿದರೆ ಬೊಜ್ಜು ಕರಗುತ್ತದೆ ಎನ್ನುವುದು ಇನ್ನೊಂದು. ಬೊಜ್ಜಿನವರಿಗೆ ಜೇನನ್ನು ಹೇಳಿರುವುದು ನಿಜ. ಆದರೆ ಜೇನನ್ನು ಬಿಸಿ ಮಾಡಬಾರದು, ಬಿಸಿಯ ಜೊತೆ ಸೇರಿಸಬಾರದು ಎಂದು ಇದೇ ಗ್ರಂಥಗಳು ಪ್ರಾಣಾಪಾಯದ ಮಾತಾಡಿ ಎಚ್ಚರಿಸುತ್ತವೆ. ಹಾಗಾದರೆ ಅದು ವಿಷವೇ? ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಬೇಕು. ಗ್ರಂಥ ಏನು ಹೇಳಿದೆ ಎಂಬುದು ಒಂದು, ಅದು ದೇಹದ ಮಟ್ಟಿಗೆ ನಿಜವೇ ಎಂಬುದು ಇನ್ನೊಂದು. ಜೇನನ್ನು ಕಾಯಿಸಿದಾಗ ಎಚ್‌ಎಂಎಫ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಅದು ಕಿಲೋಗೆ 80 ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಮಾನದಂಡ ಹೇಳುತ್ತದೆ. ಆದರೆ ಹುರಿದ ಕಾಫಿಪುಡಿಯಲ್ಲಿ ಇದೇ ವಸ್ತು ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಉಗುರುಬೆಚ್ಚಗಿನ ನೀರಿನ ಒಂದು ಚಮಚ ಜೇನು ಕೊಲ್ಲುವುದಿಲ್ಲ, ಬೊಜ್ಜನ್ನೂ ಕರಗಿಸುವುದಿಲ್ಲ.

ಪ್ರಾಚೀನರ ಮಾತನ್ನು ಹೀಗೆ ಪರೀಕ್ಷೆಗೆ ಒಡ್ಡುವುದು ಅಗೌರವ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಪರೀಕ್ಷಿಸದೆ ನಂಬಿದ್ದರ ಬೆಲೆಯನ್ನು ತೆರುವವರು ರೋಗಿಗಳು. ಮೀನು ಮತ್ತು ಹಾಲು ಒಟ್ಟಿಗೆ ತಿಂದರೆ ತೊನ್ನು ಬರುತ್ತದೆ ಎಂಬುದನ್ನೇ ತೆಗೆದುಕೊಳ್ಳಿ. ಮೀನು, ಹಾಲು ವಿರುದ್ಧಾಹಾರ ಎಂದು ಚರಕಸಂಹಿತೆ ಹೇಳಿದೆ, ವಿರುದ್ಧಾಹಾರದಿಂದ ಬರುವ ರೋಗಗಳಲ್ಲಿ ತೊನ್ನನ್ನೂ ಸೇರಿಸಿದೆ. ಅಲ್ಲೇ, ಅದು ರೂಢಿಯಾದವರಿಗೆ, ಸ್ವಲ್ಪವೇ ತಿಂದವರಿಗೆ, ಹರೆಯದವರಿಗೆ, ದುಡಿದು ಗಟ್ಟಿಯಾದವರಿಗೆ ಇದು ಬಾಧಿಸದು ಎಂಬ ಷರತ್ತೂ ಇದೆ. ಇಂದಿನ ವೈದ್ಯಶಾಸ್ತ್ರಕ್ಕೆ ಗೊತ್ತಿರುವಂತೆ ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಾಶ ಮಾಡುತ್ತದೆ. ಮೀನು, ಹಾಲಿನ ಜೋಡಿ ಅದಕ್ಕೆ ಕಾರಣವೆಂದು ಸಾಬೀತಾಗಿಲ್ಲ. ಆದರೂ ಮಗಳ ಕೆನ್ನೆಯ ಮೇಲೆ ಬಿಳಿ ಮಚ್ಚೆ ಕಂಡಾಗ ಮನೆಯವರು ತಾಯಿಯ ಅಡುಗೆಯತ್ತ ಬೆರಳು ತೋರಿಸುತ್ತಾರೆ, ಪಥ್ಯದ ಹೆಸರಿನಲ್ಲಿ ಬೆಳೆಯುವ ಮಗುವಿಗೆ ಹಾಲು, ಮೀನು ಎರಡನ್ನೂ ತಪ್ಪಿಸುತ್ತಾರೆ. ಹಚ್ಚುವ ಔಷಧಿ ಇದೆ, ಬೆಳಕಿನ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟೂ ಬಣ್ಣ ಮರಳುವ ಸಾಧ್ಯತೆ ಹೆಚ್ಚು. ಆ ಮಗುವನ್ನು ಮೊದಲು ಕರೆದುಕೊಂಡು ಹೋಗಬೇಕಾದದ್ದು ಚರ್ಮವೈದ್ಯರ ಬಳಿಗೆ.