ಗೇಟ್ ಮುಂದಿನ ಹೂವಿನ ಬುಟ್ಟಿ

ಇವತ್ತಿನ ಮಾತು ಮಲ್ಲೇಶ್ವರದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಕಿಕ್ಕಿರಿದ ಪೇಟೆ ಬಿಟ್ಟು ಜನ ಬಂದು ನೆಲೆಸಿದ ಬಡಾವಣೆಗಳಲ್ಲಿ ಇದೂ ಒಂದು. ಅಂದ್ರೆ ಇಲ್ಲಿನ ಹಳಬರ ಮನೆತನಗಳಲ್ಲಿ ಹೆಚ್ಚಿನವು ಒಂದು ಕಾಲಕ್ಕೆ ಹೊಸಬರೇ. "ಹೊಸಬರು ಬಂದು ಏರಿಯಾ ಕೆಟ್ಟೋಯ್ತು" ಅನ್ನೋರಿಗೆ ನಾನು ಇದನ್ನ ಮೊದಲು ನೆನಪಿಸ್ತೀನಿ.

ಆದ್ರೆ ಅವರ ಸಂಕಟ ಸುಳ್ಳಲ್ಲ. ಹಳೇ ಮನೆ, ವಠಾರ ಬಿದ್ದು ಅಪಾರ್ಟ್‌ಮೆಂಟ್ ಏಳ್ತಿದೆ. ಬಾಡಿಗೆ ಏರಿ ಹಳಬರು ಜಾಗ ಖಾಲಿ ಮಾಡ್ತಾರೆ. ಇದಕ್ಕೇ ಜೆಂಟ್ರಿಫಿಕೇಶನ್ ಅನ್ನೋದು. ವಠಾರದಲ್ಲಿ ನಲ್ಲಿ ಒಂದೇ, ಅಂಗಳ ಒಂದೇ. ಬೆಳಿಗ್ಗೆ ಜಗಳ ಆಡಿದ್ರೂ ಸಂಜೆ ಮುಖ ನೋಡಲೇಬೇಕು. ಅಪಾರ್ಟ್‌ಮೆಂಟಲ್ಲಿ ಆ ಬಲವಂತ ಇಲ್ಲ. ಅದಕ್ಕೇ ವರ್ಷಕ್ಕೊಂದು ರಾಜ್ಯೋತ್ಸವದ ಆರ್ಕೆಸ್ಟ್ರಾ ಇಟ್ಟು "ಒಗ್ಗಟ್ಟು" ಅಂದ್ರೆ ನಂಗೆ ನಂಬಿಕೆ ಬರಲ್ಲ.

ನಮ್ಮ ರಸ್ತೆಯಲ್ಲಿ ಪರೀಕ್ಷೆ ಬಂದಿದ್ದು ಹೂ ಮಾರೋ ಅಜ್ಜಿ ವಿಷಯಕ್ಕೆ. ಹೊಸ ಬಿಲ್ಡಿಂಗ್ ಗೇಟ್ ಪಕ್ಕ ಅವರ ಬುಟ್ಟಿ. ಕಾರು ತಿರುಗಿಸೋಕೆ ತೊಂದರೆ ಅಂತ ಯಾರೋ ಫೋಟೋ ಸಮೇತ ಕಂಪ್ಲೇಂಟ್ ಹಾಕಿದ್ರು. ವಾಟ್ಸಾಪ್ ಗ್ರೂಪಲ್ಲಿ ಹೆಬ್ಬೆರಳಿನ ಸಾಲು!

ಕಾನೂನು ಏನನ್ನುತ್ತೆ ನೋಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಈಗಿರೋ ವ್ಯಾಪಾರಿಯನ್ನ ಎಬ್ಬಿಸೋ ಹಾಗಿಲ್ಲ. ಆಮೇಲೆ ಸ್ಥಳಾಂತರ ಮಾಡೋದಾದ್ರೂ 30 ದಿನದ ನೋಟಿಸ್ ಬೇಕು. ನನಗೆ ಇದಕ್ಕಿಂತ ಮುಖ್ಯ ಅನ್ಸಿದ್ದು ಪಟ್ಟಣ ವ್ಯಾಪಾರ ಸಮಿತಿ. ಅದರಲ್ಲಿ ಕನಿಷ್ಠ ಶೇ 40 ಸದಸ್ಯರು ಬೀದಿ ವ್ಯಾಪಾರಿಗಳು, ತಮ್ಮತಮ್ಮಲ್ಲೇ ಆರಿಸಿಕೊಂಡೋರು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿವಾಸಿಗಳ ಸಂಘಕ್ಕೂ ಅಲ್ಲೇ ಜಾಗ. ಅಂದ್ರೆ ಕಂಪ್ಲೇಂಟ್ ಕೊಡೋರು, ಬುಟ್ಟಿ ಇಡೋರು ಒಂದೇ ಮೇಜಿನ ಸುತ್ತ ಕೂತು ಮಾತಾಡಲಿ ಅಂತ ಕಾಯ್ದೆಯೇ ಬಯಸುತ್ತೆ. ನಮ್ಮ ರಸ್ತೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನಂಗೂ ಇರಲಿಲ್ಲ, ಬಿಡಿ.

ಇನ್ನೊಂದು ಕೊರತೆ ಬಾಡಿಗೆದಾರರದ್ದು. ಅಪಾರ್ಟ್‌ಮೆಂಟ್ ಸಂಘದ ವೋಟು ಓನರ್‌ಗಳದ್ದು. ದಿನಾ ಅಜ್ಜಿ ಹತ್ರ ಹೂ ಕೊಳ್ಳೋರಲ್ಲಿ ಎಷ್ಟೋ ಜನ ನನ್ನಂಥ ಬಾಡಿಗೆದಾರರು; ನಮ್ಮನ್ನ ಯಾರೂ ಕೇಳಲ್ಲ. ವೋಟು ಕೊಡದಿದ್ರೂ ಪರವಾಗಿಲ್ಲ, ಮೀಟಿಂಗಿಗೆ ಕರೀರಿ ಅಂತ ನಾವು ನಾಲ್ಕು ಜನ ಹೋಗಿ ಕೇಳಿದ್ವಿ. ಕರೆದ್ರು. ಅಜ್ಜಿಯನ್ನೂ ಕರ್ಕೊಂಡು ಹೋದ್ವಿ.

ಹತ್ತು ನಿಮಿಷದಲ್ಲಿ ಮುಗೀತು. ಅಜ್ಜಿ ಅಂದಿದ್ದು ಇಷ್ಟೇ: "ನಾಲ್ಕು ಹೆಜ್ಜೆ ಆಚೆ ಕೂರೋಕೆ ನಂಗೇನಪ್ಪಾ? ಯಾರಾದ್ರೂ ಬಂದು ಹೇಳಿದ್ರಾ?"